ಇಂಟರ್ನೆಟ್ ಹುಟ್ಟಿದ ಕಥೆಯ ಕೊನೆಯ ಎರಡು ನಿಮಿಷ

"ಇಂಟರ್ನೆಟ್ ಹೇಗೆ ಹುಟ್ಟಿತು ಅನ್ನೋದನ್ನ ಈ ಜಗತ್ತಿಗೆ ತಿಳಿಸಿಯೇ ತೀರ್ತೀನಿ!" ಎಂದು ಮೇಷ್ಟ್ರು ಕುರ್ಚಿಯ ಮೇಲೆ ನಿಂತು ಘೋಷಿಸಿದರು. ಕುರ್ಚಿ ಹತ್ತಿದ್ದು ಘೋಷಣೆಗಲ್ಲ, ಕಿಟಕಿಗೆ ಪರದೆ ಕಟ್ಟುವುದಕ್ಕೆ. ಆದರೂ ಎತ್ತರದಿಂದ ಆಡಿದ ಮಾತಿಗೆ ತೂಕ ಹೆಚ್ಚು.

ಪರದೆಯ ಇನ್ನೊಂದು ತುದಿ ಹಿಡಿದಿದ್ದ ಹೆಂಡತಿ ಬಾಯಲ್ಲಿ ಕಚ್ಚಿದ್ದ ಗುಂಡುಪಿನ್ನು ತೆಗೆದು ಕೇಳಿದಳು: "ಜಗತ್ತು ಕೇಳಿತ್ತೇನ್ರೀ?"

"ಕೇಳೋದಕ್ಕೆ ಅದಕ್ಕೇನು ಗೊತ್ತು? ಹಗಲೂ ರಾತ್ರಿ ಬಳಸ್ತಾರೆ, ಹುಟ್ಟಿದ್ದು ಹೇಗೆ ಅಂತ ಒಬ್ಬನಿಗೂ ಗೊತ್ತಿಲ್ಲ!"

"ನನ್ನ ಹೊಲಿಗೆ ಮೆಷಿನ್ ಯಾರು ಕಂಡುಹಿಡಿದ್ರು ಅಂತ ನಂಗೂ ಗೊತ್ತಿಲ್ಲ. ಹಾಗಂತ ಹೊಲಿಗೆ ನಿಂತಿದ್ಯಾ?"

ಹೆಂಡತಿ ಪರದೆ ಹೊಲಿಯುವವಳು. ಮೇಷ್ಟ್ರು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವರು, ಅದೂ ತಾತ್ಕಾಲಿಕವಾಗಿ. 'ಇನ್ನೊಂದು ವರ್ಷ ಮುಂದುವರಿಸಲಾಗಿದೆ' ಎಂಬ ಒಂದು ಸಾಲಿನ ಮೇಲೆ ಅವರ ಸಂಸಾರ ಒಂಟಿ ಕಾಲಲ್ಲಿ ನಿಂತಿತ್ತು. ಈ ಸಲ ಹುದ್ದೆ ಖಾಯಂ ಆಗುವ ಸಂಭವವಿತ್ತು. ಬೇಕಾದದ್ದು ಪ್ರಿನ್ಸಿಪಾಲರ ರುಜು ಮಾತ್ರ. ಯೂಟ್ಯೂಬಿನಲ್ಲಿ ತಮ್ಮ ಪಾಠ ಪ್ರಸಿದ್ಧವಾದರೆ ರುಜು ಮಾಗಿದ ಹಣ್ಣಿನ ಹಾಗೆ ತಾನಾಗಿ ಬೀಳುತ್ತದೆಂದು ಮೇಷ್ಟ್ರ ನಂಬಿಕೆ.

ದಿಂಬುಗಳನ್ನು ಪೇರಿಸಿ ಅದರ ಮೇಲೆ ಹೆಂಡತಿಯ ಫೋನು ನಿಲ್ಲಿಸಿದರು. ದಪ್ಪ ನೀಲಿ ಪರದೆಯಲ್ಲಿ ಸೋಸಿ ಬಂದ ಮಧ್ಯಾಹ್ನದ ಬೆಳಕಿಗೆ ಕೋಣೆ ನೀರಿನಡಿಯ ಅರಮನೆಯಂತಾಯಿತು. ಮೇಷ್ಟ್ರು ಆರಂಭಿಸಿದರು. ಕೋಣೆಯಷ್ಟು ದೊಡ್ಡ ಕಂಪ್ಯೂಟರುಗಳು ಒಂದಕ್ಕೊಂದು ಮಾತಾಡದೆ ಮುನಿಸಿಕೊಂಡವರಂತೆ ಕೂತಿದ್ದ ಕಾಲ. ಎರಡು ವಿಶ್ವವಿದ್ಯಾಲಯಗಳ ನಡುವೆ ಹೋದ ಮೊಟ್ಟಮೊದಲ ಸಂದೇಶ. ಅದರ ಎರಡಕ್ಷರ ತಲುಪುವಷ್ಟರಲ್ಲೇ ಯಂತ್ರ ಕೈಕೊಟ್ಟದ್ದು! ಸುದ್ದಿಯನ್ನು ಚೂರು ಚೂರು ಮಾಡಿ ಬೇರೆ ಬೇರೆ ದಾರಿಯಲ್ಲಿ ಕಳಿಸಿ, ತಲುಪಿದಲ್ಲಿ ಜೋಡಿಸುವ ಜಾಣತನ. ಆಮೇಲೆ ಫೋನಿನ ತಂತಿಯಲ್ಲಿ ಕಿರುಗುಟ್ಟುತ್ತ ಅದು ಮನೆಮನೆಗೆ ಬಂದದ್ದು, ಟಿಕೆಟ್ಟಿನ ಸಾಲುಗಳು ಮಂಜಿನಂತೆ ಕರಗಿದ್ದು, ಟಪಾಲಿಗಾಗಿ ಬಾಗಿಲಲ್ಲಿ ಕಾಯುವ ಸುಖ ಮಾಯವಾದದ್ದು. ಹಿಂದೆ ದೀಪ ಆರಿಸಿದರೆ ಬೀದಿಯೇ ಮಲಗುತ್ತಿತ್ತು. ಈಗ ಒಂದೊಂದು ದಿಂಬಿನ ಪಕ್ಕದಲ್ಲೂ ಒಂದೊಂದು ಪುಟ್ಟ ಹುಣ್ಣಿಮೆ!

ವಿಷಯ ಚಿನ್ನದಂಥದ್ದು. ಆದರೆ ದನಿ? ಅದು ಬಯಲಿನ ನದಿ. ಅವಸರವಿಲ್ಲ, ಅಲೆಯಿಲ್ಲ, ಹುಡುಕಿದರೆ ದಡವೂ ಇಲ್ಲ.

ಏರಿಸುವ ಮುನ್ನ ಒಮ್ಮೆ ನೋಡಲು ಕೂತ ಮೇಷ್ಟ್ರಿಗೆ ಅರ್ಧಕ್ಕೇ ಕಣ್ಣು ಎಳೆಯಿತು. 'ದುಡಿದು ದಣಿದಿದ್ದೇನೆ' ಎಂದುಕೊಂಡು ಹಾಗೇ ಯೂಟ್ಯೂಬಿಗೆ ಏರಿಸಿ ಮಲಗಿದರು.

ವಾರದೊಳಗೆ ನೋಡಿದವರು ಸಾವಿರಾರು! ಕೆಳಗೆ ಮೆಚ್ಚುಗೆಯ ಸುರಿಮಳೆ. 'ವರ್ಷಗಳಿಂದ ಹುಡುಕುತ್ತಿದ್ದದ್ದು ಕೊನೆಗೂ ಸಿಕ್ಕಿತು.' 'ಮನೆಯವರೆಲ್ಲ ದಿನಾ ರಾತ್ರಿ ಕೇಳುತ್ತೇವೆ.' 'ನಮ್ಮ ಎಂಟು ತಿಂಗಳ ಮಗುವಿಗೆ ಇದಿಲ್ಲದೆ ಆಗುವುದೇ ಇಲ್ಲ.'

"ನೋಡಿದ್ಯಾ? ಎಂಟು ತಿಂಗಳ ಕೂಸಿಗೂ ಜ್ಞಾನದ ಹಸಿವು!"

"ಅಲ್ಲಾ ರೀ, ಎಲ್ಲರೂ ಮಲಗೋ ಹೊತ್ತಿಗೇ ಯಾಕೆ ಕೇಳ್ತಾರೆ?"

"ಏಕಾಂತದಲ್ಲಿ ವಿದ್ಯೆ ಚೆನ್ನಾಗಿ ಇಳಿಯುತ್ತೆ ಕಣೇ."

"ಇಳಿಯೋದು ವಿದ್ಯೆನೋ, ಕಣ್ಣಿನ ರೆಪ್ಪೆನೋ!"

ಮೇಷ್ಟ್ರು ಅಸೂಯೆಯ ಮಾತಿಗೆ ಕಿವಿಗೊಡಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಕಂಡರಿಯದ ಊರುಗಳ ಕಿಟಕಿಗಳಲ್ಲೆಲ್ಲ ತಮ್ಮ ನೀಲಿ ಬೆಳಕು ತೇಲುತ್ತಿರುವುದು ಕಾಣುತ್ತಿತ್ತು. ಕಡಲಾಚೆಯ ಯಾರೋ ಕೆನ್ನೆಗೆ ಕೈಯಾನಿಸಿ ಕೂತು, ತಮ್ಮ ಮಾತಿನ ಹಿಂದೆ ಹಿಂದೆ ದೋಣಿಯಲ್ಲಿ ಬರುತ್ತಿದ್ದಾರೆ...

ದೋಣಿಗೆ ಪ್ರಿನ್ಸಿಪಾಲರ ಫೋನು ಬಂದು ಬಡಿಯಿತು. "ಮೇಷ್ಟ್ರೇ, ನಿಮ್ಮ ಪಾಠ ಭಾರೀ ಚೆನ್ನಾಗಿದೆ. ನಾನೂ ನಮ್ಮ ಮನೆಯವರೂ ದಿನಾ ಹಾಕ್ಕೋತೀವಿ. ಕಾಲೇಜಿನ ವಾರ್ಷಿಕ ಸಭೆಯಲ್ಲಿ ಪೂರ್ತಿ ತೋರಿಸೋಣ. ಪೆನ್ ಡ್ರೈವಿಗೆ ಇಳಿಸಿಕೊಂಡಿದೀನಿ. ನಿಮ್ಮ ಖಾಯಂ ವಿಷಯಾನೂ ಅಲ್ಲೇ ಹೇಳಿಬಿಡೋಣ."

ಪೂರ್ತಿ ತೋರಿಸುವುದಾದರೆ ತಾವೂ ಒಮ್ಮೆ ಪೂರ್ತಿ ನೋಡಬೇಡವೇ? ಗಂಡ ಹೆಂಡತಿ ಇಬ್ಬರೂ ಕಣ್ಣಿಗೆ ನೀರು ಚಿಮುಕಿಸಿಕೊಂಡು, ನಿಂತೇ ನೋಡಿದರು. ತೂಕಡಿಸಿದವರನ್ನು ಎಚ್ಚರವಿದ್ದವರು ಚಿವುಟುವ ಒಪ್ಪಂದ. ಅಂತೂ ಪಾಠ ಮುಗಿದು ಫೋನಿನ ಪರದೆಯ ಮೇಲಿನ ಮೇಷ್ಟ್ರು 'ಧನ್ಯವಾದ' ಎಂದರು.

ಆದರೆ ಚಿತ್ರ ನಿಲ್ಲಲಿಲ್ಲ!

ಫೋನಿನೊಳಗಿಂದ ಹೆಂಡತಿಯ ದನಿ ತೇಲಿಬಂತು: "ಆಯ್ತಲ್ಲ, ಇನ್ನಾದ್ರೂ ನಿಮ್ಮ ಪ್ರಿನ್ಸಿಪಾಲ್ರು ರುಜು ಹಾಕ್ತಾರಂತಾ?" ಮೇಷ್ಟ್ರು ಅಂಗಿಯ ಗುಂಡಿ ಬಿಚ್ಚಿ, ಕನ್ನಡಕ ಮೂಗಿನ ತುದಿಗಿಳಿಸಿ, ಪ್ರಿನ್ಸಿಪಾಲರೇ ಆಗಿಹೋದರು. "ನೋಡೋಣಾ... ಮಾಡೋಣಾ... ಪೆನ್ನಿನ ಮುಚ್ಚಳ ತೆಗೆಯೋಣಾ... ಮತ್ತೆ ಹಾಕೋಣಾ! ಲೇ, ಅವರು ಮುಚ್ಚಳ ತೆಗೆಯೋಷ್ಟರಲ್ಲಿ ಶಾಯಿ ಒಣಗಿರುತ್ತೆ! ಆಮೆಗೆ ಕುರ್ಚಿ ಕೊಟ್ಟರೆ ಇನ್ನೇನಾಗುತ್ತೆ? ಛೇ, ಆಮೆಗೆ ಯಾಕೆ ಅವಮಾನ, ಅದು ಒಂದು ಓಟನಾದ್ರೂ ಗೆದ್ದಿತ್ತು!"

ಮೇಷ್ಟ್ರು ಫೋನು ಆರಿಸಿ ಹೆಂಡತಿಯತ್ತ ತಿರುಗಿದರು.

"ನೀನು ಆಫ್ ಮಾಡ್ಲಿಲ್ವಾ?"

"ನೀವು ನೋಡದೇ ಏರಿಸಿದ್ರಾ?"

"ನೋಡ್ದೆ. ಅರ್ಧ."

"ಅರ್ಧ ಯಾಕೆ?"

"ನಿದ್ದೆ ಬಂತು ಕಣೇ..." ಎನ್ನುತ್ತಲೇ ಮೇಷ್ಟ್ರ ಬಾಯಿ ತೆರೆದದ್ದು ತೆರೆದೇ ಇತ್ತು. ಎಂಟು ತಿಂಗಳ ಕೂಸಿನ ಜ್ಞಾನದಾಹದ ಗುಟ್ಟು ಆಗ ಹೊಳೆಯಿತು.

ಯೂಟ್ಯೂಬಿನಿಂದ ಅಳಿಸಿದರು. ಆದರೆ ಅಳಿಸಿ ಏನು ಬಂತು? ಬಿಟ್ಟ ಬಾಣ ಪ್ರಿನ್ಸಿಪಾಲರ ಜೇಬಿನಲ್ಲಿತ್ತು! ಮರುದಿನ ಹೋಗಿ, "ಸಾರ್, ಆ ಪೆನ್ ಡ್ರೈವಿಗೆ ವೈರಸ್ ಬಂದಿರಬಹುದು" ಎಂದರು. "ನೋಡೋಣ" ಎಂದ ಪ್ರಿನ್ಸಿಪಾಲರು ಜೇಬು ತಟ್ಟಿಕೊಂಡರು.

ಹೆಂಡತಿಯೇ ದಾರಿ ತೋರಿದಳು. "ಸಾವಿರಾರು ಜನ ಕೇಳಿದಾರೆ, ಆ ಕೊನೆಯ ಬಗ್ಗೆ ಒಬ್ಬರಾದ್ರೂ ತುಟಿ ಬಿಚ್ಚಿದಾರಾ? ಸಭೆನೂ ಮಲಗುತ್ತೆ ಬಿಡಿ. ನೀವೊಬ್ಬರು ಎಚ್ಚರ ಇದ್ದು, 'ಧನ್ಯವಾದ' ಅಂತಿದ್ದಂಗೆ ಪೆನ್ ಡ್ರೈವ್ ಕಿತ್ತುಬಿಡಿ."

ತಮ್ಮ ಪಾಠವನ್ನು ಯಾರೂ ಕೇಳದಿರಲಿ ಎಂದು ಮೇಷ್ಟ್ರು ಹಾರೈಸಿದ್ದು ಜನ್ಮದಲ್ಲಿ ಅದೇ ಮೊದಲು.

ಸಭಾಂಗಣದಲ್ಲಿ ದೀಪ ಆರಿತು. ಮೇಷ್ಟ್ರು ಕಂಪ್ಯೂಟರಿನ ಪಕ್ಕದಲ್ಲೇ ಕುರ್ಚಿ ಹಾಕಿ, ಪೆನ್ ಡ್ರೈವಿನ ಮೇಲೆ ಎರಡು ಬೆರಳಿಟ್ಟು ಕೂತರು. ನೀಲಿ ಬೆಳಕು ಸಾಲು ಸಾಲು ಮುಖಗಳ ಮೇಲೆ ನೀರಿನಂತೆ ಹರಿಯಿತು. ಮೊದಲು ಹಿಂದಿನ ಸಾಲಿನ ತಲೆಗಳು ಬಾಗಿದವು, ಆಮೇಲೆ ನಡುವಿನವು, ಗಾಳಿಗೆ ಪೈರು ಬಾಗಿದಂತೆ. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರ ಗಲ್ಲ ಮೆಲ್ಲಗೆ ಎದೆಗಿಳಿಯಿತು. ಇಡೀ ಸಭಾಂಗಣ ಒಂದೇ ಉಸಿರಾಡುವ ದೊಡ್ಡ ಕಡಲಾಯಿತು. ಎಂಥ ಶಾಂತಿ! ಎಂಥ ಸುಖ! ಆ ಕಡಲ ಮೇಲೆ ತಮ್ಮದೇ ದನಿ ದೋಣಿಯಂತೆ ತೂಗುತ್ತಿತ್ತು, ತೂಗುತ್ತಿತ್ತು...

ಎಚ್ಚರವಾದದ್ದು ನಗೆಯ ಸಿಡಿಲಿಗೆ. "ಆಮೆಗೆ ಯಾಕೆ ಅವಮಾನ!" ಎಂದು ಪರದೆಯ ಮೇಲಿನ ಮೇಷ್ಟ್ರು ಗುಡುಗುತ್ತಿದ್ದರು. ಆ ಗುಡುಗಿಗೆ ಸಭೆಯಲ್ಲಿ ಒಬ್ಬರ ಕಣ್ಣಲ್ಲೂ ನಿದ್ದೆಯಿಲ್ಲ. ಹೊಟ್ಟೆ ಹಿಡಿದು ಹೊರಳಾಡುತ್ತಿದ್ದಾರೆ. ಸಭಿಕರ ನಡುವೆ ಹೆಂಡತಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ. ಮೇಷ್ಟ್ರು ಪೆನ್ ಡ್ರೈವ್ ಕಿತ್ತರು. ಕಾಲ ಮಿಂಚಿತ್ತು.

ಪ್ರಿನ್ಸಿಪಾಲರು ಎದ್ದರು. ನಗೆ ಅಡಗಿತು. ಕನ್ನಡಕ ಒರೆಸಿಕೊಂಡರು. ಜೇಬಿನಿಂದ ಆದೇಶದ ಹಾಳೆ ತೆಗೆದರು. ಪೆನ್ನಿನ ಮುಚ್ಚಳ ತೆಗೆದು, ಒಂದು ಕ್ಷಣವೂ ತಡಮಾಡದೆ ಸರಕ್ಕನೆ ರುಜು ಹಾಕಿದರು!

"ಮೇಷ್ಟ್ರೇ, ನಿಮ್ಮ ಹುದ್ದೆ ಇವತ್ತಿಂದ ಖಾಯಂ."

"ಸಾರ್...!" ಮೇಷ್ಟ್ರು ಕೈ ಮುಗಿದರು. "ಯಾವ ತರಗತಿಗೆ ಸಾರ್?"

"ತರಗತಿ ಬೇಡಪ್ಪಾ! ಹಾಸ್ಟೆಲ್ ವಾರ್ಡನ್. ಫೋನ್ ಹಿಡ್ಕೊಂಡು ಹುಡುಗರು ರಾತ್ರಿ ಮಲಗಲ್ಲ, ಬೆಳಗ್ಗೆ ಏಳಲ್ಲ. ನೀವು ರಾತ್ರಿ ಇಂಟರ್ನೆಟ್ ಹುಟ್ಟಿದ ಕಥೆ ಹೇಳಿ ಮಲಗಿಸಿ, ಬೆಳಗ್ಗೆ ನನ್ನ ಬಗ್ಗೆ ಹೇಳಿ ಎಬ್ಬಿಸಿ!"