ನಾನು ಗೇರ್‌ಬಾಕ್ಸ್ ಸರಿ ಮಾಡಿದ್ದು

ನಮ್ಮ ಪಿಕಪ್ಪಿನ ಗೇರ್‌ಬಾಕ್ಸನ್ನು ಇನ್ನು ಮುಂದೆ ಈ ಭೂಮಂಡಲದಲ್ಲಿ ನನ್ನ ಹೊರತು ಬೇರೆ ಯಾರೂ ಮುಟ್ಟಕೂಡದು ಎಂದು ತಿಂಡಿ ತಟ್ಟೆಯ ಮುಂದೆ ಕೂತು ಘೋಷಿಸಿದೆ. ಒಂದು ವಾರದಿಂದ ಗಾಡಿ ಗೇರು ಬದಲಿಸುವಾಗಲೆಲ್ಲ ಕರಕರ ಹಲ್ಲು ಕಡಿಯುತ್ತಿತ್ತು. ಮೆಕ್ಯಾನಿಕ್ ಊರಲ್ಲಿರಲಿಲ್ಲ. ನಾನಿದ್ದೆ. ಸಾಲದ್ದಕ್ಕೆ, ಗೇರ್ ಆಯಿಲ್ ಬದಲಿಸುವ ವಿಡಿಯೋವೊಂದನ್ನು ಮುಕ್ಕಾಲು ಭಾಗ ನೋಡಿ ಮುಗಿಸಿದ್ದೆ!

ನನ್ನ ಹೆಂಡತಿ ಸಸಿಗಳ ನರ್ಸರಿ ನಡೆಸುತ್ತಾಳೆ. ಮೊದಲ ಸಲ ಅವಳಿಗೊಂದು ದೊಡ್ಡ ಆರ್ಡರ್ ಸಿಕ್ಕಿತ್ತು. ಹೊಸ ಆಸ್ಪತ್ರೆಯೊಂದರ ಅಂಗಳಕ್ಕೆ ಬೇಕಾದ ಹೂಗಿಡಗಳೆಲ್ಲ ಅವಳವೇ. ಕುಂಡಗಳು ಮಧ್ಯಾಹ್ನದೊಳಗೆ ಅಲ್ಲಿರಬೇಕು, ಇಲ್ಲವಾದರೆ ಬೇರೆ ನರ್ಸರಿಗೆ ಹೇಳುತ್ತೇನೆ ಎಂದು ಅಲ್ಲಿನ ಮೇಲ್ವಿಚಾರಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಕುಂಡಗಳು ಆಗಲೇ ಗಾಡಿಯ ಹಿಂದೆ ಸಾಲಾಗಿ ಕೂತಿದ್ದವು.

"ರೀ, ಹಲ್ಲು ಕಡಿದ್ರೂ ಓಡ್ತಾ ಇದೆಯಲ್ಲ. ಇವತ್ತೊಂದು ದಿನ ಅದರ ತಂಟೆಗೆ ಹೋಗ್ಬೇಡಿ," ಎಂದಳು.

"ದಾರಿ ಮಧ್ಯೆ ಗೇರ್‌ಬಾಕ್ಸ್ ಕೈ ಕೊಟ್ರೆ?"

"ನೀವು ಕೈ ಹಾಕೋದಕ್ಕಿಂತ ಅದೇ ವಾಸಿ."

ಇಂಥ ಮಾತಿಗೆಲ್ಲ ಜಗ್ಗುವವನೇ ನಾನು! ಅವಳು ಒಳಗೆ ಹೋದದ್ದೇ ತಡ, ಸ್ಪ್ಯಾನರ್ ಮತ್ತು ಹೊಸ ಆಯಿಲಿನ ಡಬ್ಬ ಹಿಡಿದು ಹೊರಟೆ. ನೆಲದ ಮೇಲೆ ಮಲಗಲು ಏನಾದರೂ ಬೇಕಿತ್ತು. ಡ್ರೈವರ್ ಸೀಟಿನ ಮುಂದಿದ್ದ ದಪ್ಪ ರಬ್ಬರ್ ಮ್ಯಾಟನ್ನು ಎಳೆದುಕೊಂಡೆ. ಕೆಸರುಗಾಲಿನಲ್ಲೇ ಗಾಡಿ ಓಡಿಸುವ ಹೆಂಡತಿಗೆಂದು ಹಿಂದಿನ ವಾರವಷ್ಟೇ ನಾನು ತಂದ ಉಡುಗೊರೆ ಅದು. "ಇದು ದೊಡ್ಡ ಲಾರಿಗೆ ಹಾಕೋದು ಸಾರ್," ಎಂದು ಅಂಗಡಿಯವನು ಹೇಳಿದ್ದರೂ, ದಪ್ಪಗಿದ್ದಷ್ಟೂ ಪ್ರೀತಿ ಎದ್ದು ಕಾಣುತ್ತದೆಂದು ತಂದಿದ್ದೆ.

ಗೇರ್‌ಬಾಕ್ಸಿನ ತಳದಲ್ಲಿ ಹಳೆಯ ಆಯಿಲ್ ಇಳಿಸುವ ಬೋಲ್ಟು, ಪಕ್ಕದಲ್ಲಿ ಹೊಸದನ್ನು ತುಂಬುವ ಬೋಲ್ಟು. ತಳದ್ದು ಬೆಣ್ಣೆಯ ಹಾಗೆ ಬಿಚ್ಚಿಕೊಂಡಿತು. ಆಯಿಲ್ ಬಳಬಳ ಇಳಿದು ಬಟ್ಟೆ ನೆನೆಸುವ ಬಕೆಟ್ಟು ಸೇರಿತು.

ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕತ್ತು ಚಾಚಿದರು. "ಅಳಿಯಂದ್ರೇ, ಗಾಡಿಗೆ ಭೇದಿ ಶುರುವಾಯ್ತಾ?"

"ಒಳಗಿನ ಕಲ್ಮಶ ಹೋಗ್ಬೇಕು ಅತ್ತೆ."

ಅವರು ಎದ್ದು ಬಂದು ಬಕೆಟ್ಟಿಗೆ ಇಣುಕಿದರು. "ಕಲ್ಮಶ ಎಲ್ಲಿದೆ? ಒಳ್ಳೆ ಜೇನುತುಪ್ಪದ ಹಾಗೆ ತಿಳಿಯಾಗಿದೆಯಲ್ಲ."

"ಅದು ನಿಮ್ಮ ಕಣ್ಣಿಗೆ ಕಾಣೋಲ್ಲ ಬಿಡಿ," ಎಂದು ತಳದ ಬೋಲ್ಟು ಬಿಗಿದು, ತುಂಬುವ ಬೋಲ್ಟಿಗೆ ಸ್ಪ್ಯಾನರ್ ಹಾಕಿದೆ.

ಅದು ಜಪ್ಪಯ್ಯ ಅನ್ನಲಿಲ್ಲ. ಎಳೆದೆ, ನೂಕಿದೆ, ಬೈದೆ, ಕೊನೆಗೆ ಕೈಮುಗಿದೂ ನೋಡಿದೆ. ಮೈಯೆಲ್ಲ ಬೆವೆತಿತು. ವಿಡಿಯೋದ ಉಳಿದ ಕಾಲು ಭಾಗ ಹಾಕಿದೆ. ಆ ಪುಣ್ಯಾತ್ಮ ನಗುನಗುತ್ತಾ ಹೇಳುತ್ತಿದ್ದ: "ನೆನಪಿರಲಿ, ಮೊದಲು ತುಂಬೋ ಬೋಲ್ಟ್ ಬಿಚ್ಚುತ್ತಾ ನೋಡ್ಕೊಳ್ಳಿ. ಅದು ಬಿಚ್ಚದೆ ತಳದ್ದು ಬಿಚ್ಚಿದ್ರೆ ಗಾಡಿ ಅಲ್ಲೇ ಕೂತ್ಬಿಡುತ್ತೆ."

ಇಂಥ ಮಾತನ್ನು ಕೊನೆಗೆ ಹೇಳುವ ಮನುಷ್ಯನಿಗೆ ಏನನ್ನಬೇಕು! ಹಳೆಯ ಆಯಿಲನ್ನೇ ವಾಪಸ್ ಸುರಿಯೋಣವೆಂದರೂ ದಾರಿ ಅದೇ ಬೋಲ್ಟು. ಅಷ್ಟರಲ್ಲಿ ಗಾಡಿಯ ಪಕ್ಕ ಎರಡು ಚಪ್ಪಲಿ ಬಂದು ನಿಂತವು. ನಾನಿದ್ದ ಕಡೆಯಿಂದ ಹೆಂಡತಿ ಅಷ್ಟು ಮಾತ್ರ ಕಾಣುತ್ತಿದ್ದಳು. ಆ ಚಪ್ಪಲಿಗಳಿಗೂ ಕೋಪ ಬಂದಂತಿತ್ತು.

"ಏನ್ರೀ ಮಾಡ್ತಿದ್ದೀರಾ?"

"ಆಯಿಲ್ ಬದಲಾಯಿಸ್ತಿದ್ದೀನಿ. ಅರ್ಧ ಮುಗೀತು."

"ಯಾವ ಅರ್ಧ?"

"ಖಾಲಿ ಮಾಡೋ ಅರ್ಧ."

ಬೈಯುತ್ತಾಳೆಂದು ಕಣ್ಣು ಮುಚ್ಚಿಕೊಂಡೆ. ಅವಳು ಬೈಯಲಿಲ್ಲ. "ಆ ಗಿಡಗಳನ್ನ ಕಡ್ಡಿ ನೆಟ್ಟು ಬೆಳೆಸಿದ್ದೀನಿ ರೀ," ಎಂದಳು, ಅಷ್ಟೇ. ದನಿ ಸಣ್ಣಗಾಗಿತ್ತು. ನನಗೆ ಭಯವಾದದ್ದು ಆಗ. ಅವಳ ಇಷ್ಟು ದಿನದ ದುಡಿಮೆ ಬಿಸಿಲಿನಲ್ಲಿ ಬಾಡುತ್ತಿದೆ, ನಾನು ಗಾಡಿಯಡಿ ಅಂಗಾತ ಬಿದ್ದಿದ್ದೇನೆ.

ಚಪ್ಪಲಿಗಳು ಸರಸರ ಹೋಗಿ ಬಂದವು. ಜೊತೆಗೆ ಒಂದು ಉದ್ದನೆಯ ಕಬ್ಬಿಣದ ಪೈಪೂ ಬಂತು. ಅದು ನನಗಲ್ಲವೆಂದು ತಿಳಿದು ಜೀವ ಮರಳಿತು. ನರ್ಸರಿಯ ತುಕ್ಕು ಹಿಡಿದ ವಾಲ್ವುಗಳನ್ನು ಅವಳು ತಿರುಗಿಸುವುದು ಅದರಿಂದಲೇ. ಪೈಪನ್ನು ಸ್ಪ್ಯಾನರಿನ ಹಿಡಿಗೆ ತೂರಿಸಿ, ಇಬ್ಬರೂ ಸೇರಿ ಒತ್ತಿದೆವು. ಟಕ್ ಎಂದು ಬೋಲ್ಟು ಸಡಿಲವಾಯಿತು.

ತೂತು ಪಕ್ಕದಲ್ಲಿದ್ದುದರಿಂದ ಡಬ್ಬ ಬಗ್ಗಿಸುವಂತಿರಲಿಲ್ಲ. ಅದಕ್ಕೂ ಅವಳೇ ಗಿಡಕ್ಕೆ ನೀರು ಬಿಡುವ ಸಣ್ಣ ಪೈಪು ತಂದಳು. ಬಾನೆಟ್ ಎತ್ತಿ ಮೇಲಿನಿಂದ ಅವಳು ಆಲಿಕೆಯಲ್ಲಿ ಸುರಿದಳು, ಕೆಳಗೆ ನಾನು ಪೈಪಿನ ತುದಿ ಹಿಡಿದುಕೊಂಡೆ. ತುಂಬಿ ಹೆಚ್ಚಾದದ್ದು ನನ್ನ ಮೂಗಿನ ಮೇಲೆ ಇಳಿಯಿತು.

ಬೋಲ್ಟು ಬಿಗಿದ ಮೇಲೆ ಅವಳು ಗಾಡಿ ಹತ್ತಿ ಗೇರು ಹಾಕಿದಳು. ಮೊದಲನೆಯದು, ಎರಡನೆಯದು, ರಿವರ್ಸು. ಹಲ್ಲು ಕಡಿಯುವುದಿರಲಿ, ಗಾಡಿ ತುಟಿ ಪಿಟಕ್ಕೆನ್ನಲಿಲ್ಲ!

"ನೋಡಿದ್ರಾ ಅತ್ತೆ, ನನ್ನ ಕೈಗುಣ?" ಎಂದು ಎಣ್ಣೆ ಮೆತ್ತಿದ ಮೀಸೆ ತಿರುವಿದೆ.

ಹೆಂಡತಿಯೂ ಸೋತಳು. "ನಿಮ್ಮನ್ನ ನಂಬಬೇಕಿತ್ತು. ಸುಮ್ನೆ ಅಂದ್ಬಿಟ್ಟೆ," ಎಂದಳು. ಮದುವೆಯಾದಂದಿನಿಂದ ಕಾದಿದ್ದ ಮಾತು ಅದು! ಹಿಗ್ಗಿ ಹೀರೇಕಾಯಿಯಾಗಿ, ರಬ್ಬರ್ ಮ್ಯಾಟನ್ನು ಒರೆಸಿ ಅವಳ ಕಾಲಡಿಗೆ ಮತ್ತೆ ಹಾಸಿ ಬಾಗಿಲು ಹಾಕಿದೆ.

ಅವಳು ಕ್ಲಚ್ ಒತ್ತಿ ಗೇರು ಹಾಕಿದಳು. ಕರಕರ!

ಇನ್ನೊಮ್ಮೆ ಹಾಕಿದಳು. ಕರಕರ. ಬಗ್ಗಿ ಕಾಲಡಿ ನೋಡಿದಳು. ಮ್ಯಾಟನ್ನು ಎತ್ತಿ ಗೇರು ಹಾಕಿದಳು, ಸದ್ದಿಲ್ಲದೆ ಬಿತ್ತು. ಮ್ಯಾಟು ಹಾಸಿ ಹಾಕಿದಳು, ಕರಕರ. ಕ್ಲಚ್ ಪೆಡಲು ಪೂರ್ತಿ ಕೆಳಗಿಳಿಯದಂತೆ ಅಡ್ಡ ಕೂತಿದ್ದದ್ದು ನನ್ನ ದಪ್ಪನೆಯ ಪ್ರೀತಿ. ಗೇರ್‌ಬಾಕ್ಸಿಗೆ ಏನೂ ಆಗಿರಲೇ ಇಲ್ಲ.

ಅವಳು ಮ್ಯಾಟನ್ನು ಕಿಟಕಿಯಿಂದ ನನ್ನ ಕೈಗೆ ಕೊಟ್ಟು, ಗಾಡಿ ಬಿಟ್ಟುಕೊಂಡು ಹೋದಳು. ಫೋನು ಬರುವ ತನಕ ಬಾಗಿಲಿಗೂ ಬೀದಿಗೂ ತಿರುಗಿದೆ. "ತಲುಪಿದ್ದೀನಿ. ಗಿಡಗಳೆಲ್ಲ ಚೆನ್ನಾಗಿವೆ," ಎಂದಷ್ಟೇ ಹೇಳಿ ಇಟ್ಟಳು.

ಎದೆ ಹಗುರಾಗಿ ಬಕೆಟ್ಟು ಎತ್ತಿಕೊಂಡೆ. ಅತ್ತೆ ಕುರ್ಚಿಯಿಂದಲೇ ತಡೆದರು.

"ಆ ಒಳ್ಳೇ ಆಯಿಲ್ ಚೆಲ್ಬೇಡಿ ಅಳಿಯಂದ್ರೇ. ನೀವು ಮುಂದಿನ ಸಲ ಅವಳಿಗೆ ಉಡುಗೊರೆ ಕೊಟ್ಟಾಗ ಬೇಕಾಗುತ್ತೆ."