ದೊಡ್ಡಮ್ಮನ ಹಲ್ಲು

ಸ್ಟೋರಪ್ಪನ ಬಾಯಲ್ಲಿ ಎಡಗಡೆಯ ಕೊನೆಯ ಹಲ್ಲು ದಂಗೆಯೆದ್ದಿತ್ತು. ಬೆಳಗ್ಗೆ ಕನ್ನಡಿಯಲ್ಲಿ ನೋಡಿಕೊಂಡರೆ ಬಲಗೆನ್ನೆ ಅವನದೇ, ಎಡಗೆನ್ನೆ ಮಾತ್ರ ಯಾರೋ ಸಿರಿವಂತನದು ಎನ್ನುವ ಹಾಗಿತ್ತು. ಅವನ ನರಳಾಟಕ್ಕೆ ನಿದ್ದೆಗೆಟ್ಟು ಕಣ್ಣು ಕೆಂಪಾಗಿಸಿಕೊಂಡಿದ್ದ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

“ನೋಡಿ, ಪೇಟೆಯ ಹಲ್ಲಿನ ಡಾಕ್ಟ್ರನ್ನ ಕಾಡಿ ಬೇಡಿ ಮಧ್ಯಾಹ್ನಕ್ಕೆ ಟೈಮ್ ತಗೊಂಡಿದೀನಿ. ಸಂಜೆ ರೈಲಿಗೆ ಅವರು ಮಗಳ ಮನೆಗೆ ಹೊರಟಿದಾರೆ. ಮತ್ತೆ ಬರೋದು ಒಂದು ತಿಂಗಳಾದ ಮೇಲೇ. ಇವತ್ತು ಆ ಹಲ್ಲು ಕೀಳಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಹಲ್ಲನ್ನೂ ಹಾಸಿಗೆನೂ ಎತ್ಕೊಂಡು ಹೋಗಿ ಸ್ಟೋರಲ್ಲೇ ಮಲ್ಕೊಳ್ಳಿ.”

ಸ್ಟೋರಪ್ಪ ತಲೆಯಾಡಿಸಿದ. ಬಾಯಿ ತೆರೆದು ಹೂಂ ಎನ್ನುವಷ್ಟು ಧೈರ್ಯ ಅವನಿಗಿರಲಿಲ್ಲ.

ಗಣಿಯ ಸ್ಟೋರನ್ನು ನೋಡಿಕೊಳ್ಳುವವನಾದ್ದರಿಂದ ಅವನು ಸ್ಟೋರಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತಾದರೂ ಅದನ್ನು ಯಾರೂ ಬಳಸದೆ ತುಕ್ಕು ಹಿಡಿದಿತ್ತು. ಒಂದು ಕಾಲದಲ್ಲಿ ಅವನ ಸ್ಟೋರಿನಲ್ಲಿ ಬೋಲ್ಟು, ಬೆಲ್ಟು, ಟೈರು, ಗ್ರೀಸಿನ ಡಬ್ಬ ಎಲ್ಲವೂ ಸೂರಿನ ತನಕ ಪೇರಿಸಿರುತ್ತಿದ್ದವು. ಆಮೇಲೆ ಹೆಡ್ಡಾಫೀಸಿನಿಂದ ಒಬ್ಬ ಅಧಿಕಾರಿ ಬಂದರು. ಗಣಿಯಲ್ಲಿ ಹೊಸತನ ತರುವುದೇ ಅವರ ಕೆಲಸವಂತೆ. ಮಾತಿಗೊಮ್ಮೆ ‘ಹೊಸತನ, ಹೊಸತನ’ ಎನ್ನುತ್ತಿದ್ದ ಅವರಿಗೆ ಗಣಿಯವರು ಹೊಸತನದ ಸಾಹೇಬರೆಂದೇ ಹೆಸರಿಟ್ಟರು. “ಸಾಮಾನು ಕೂಡಿಡೋದು ಹಳೇ ಕಾಲದ ಬುದ್ಧಿ ಕಣ್ರೀ. ಬೇಕಾದಾಗ ಬೇಕಾದ್ದು ಬಂದು ಬೀಳಬೇಕು” ಎಂದು ಅವರು ಇದ್ದಬದ್ದದ್ದನ್ನೆಲ್ಲ ಲಾರಿ ಹತ್ತಿಸಿ ವಾಪಸು ಕಳಿಸಿಬಿಟ್ಟರು. ಸ್ಟೋರಪ್ಪ ಈಗ ಖಾಲಿ ಕಪಾಟುಗಳ ಒಡೆಯ.

ಅವನು ಗೇಟು ದಾಟಿ ಒಳಗೆ ಬರುವಷ್ಟರಲ್ಲಿ ಗಣಿಯ ಮ್ಯಾನೇಜರು ಎದುರಿಗೇ ಓಡಿಬಂದರು.

“ಕೆಟ್ವಿ ಕಣಯ್ಯಾ! ದೊಡ್ಡಮ್ಮನ ಹಲ್ಲು ಹೋಯ್ತು!”

ದೊಡ್ಡಮ್ಮ ಎಂದರೆ ಗಣಿಯಲ್ಲಿ ಅದಿರು ಬಗೆಯುವ ದೈತ್ಯ ಯಂತ್ರ. ಅದರ ಮುಂದಿನ ಬಾಯಲ್ಲಿ ಒಂದು ಸಂಸಾರ ಕೂತು ನೆಮ್ಮದಿಯಾಗಿ ಊಟ ಮುಗಿಸಬಹುದು. ಆ ಬಾಯಿಯ ಅಂಚಿಗೆ ಸಾಲಾಗಿ ಉಕ್ಕಿನ ಹಲ್ಲುಗಳು. ಬೆಳಗ್ಗೆ ಗಟ್ಟಿಬಂಡೆಯೊಂದನ್ನು ಕಚ್ಚಲು ಹೋಗಿ ದೊಡ್ಡಮ್ಮ ಅಷ್ಟನ್ನೂ ಉದುರಿಸಿಕೊಂಡಿದ್ದಳು. ಅವಳು ಬಗೆಯದಿದ್ದರೆ ಲಾರಿಗಳು ತುಂಬವು, ಲಾರಿ ತುಂಬದಿದ್ದರೆ ಕಾರ್ಖಾನೆಯ ಕುಲುಮೆ ಉರಿಯದು, ಕುಲುಮೆ ಆರಿದರೆ ಹೆಡ್ಡಾಫೀಸಿನವರು ಮ್ಯಾನೇಜರಿಗೆ ಬೆಂಕಿ ಹಚ್ಚುತ್ತಾರೆ.

“ಸಾರ್, ನನ್ನ ಹಲ್ಲೂ…” ಎಂದು ಸ್ಟೋರಪ್ಪ ಕೆನ್ನೆ ತೋರಿಸಿದ. “ಮಧ್ಯಾಹ್ನ ರಜ ಬೇಕಿತ್ತು.”

“ನಿಂದು ಒಂದು ಹಲ್ಲು. ಅವಳದ್ದು ಬಾಯ್ತುಂಬ. ಅವಳಿಗೆ ಹಲ್ಲು ತರ್ಸು, ಆಮೇಲೆ ಎಲ್ಲಿಗಾದ್ರೂ ಹೋಗು. ಅಲ್ಲಿ ತನಕ ಗೇಟು ದಾಟಿದ್ರೆ ನೋಡು!”

ಹೊಸತನದ ಸಾಹೇಬರು ಮಾತ್ರ ಹಬ್ಬದ ಮುಖ ಹೊತ್ತು ಬಂದರು. ಅವರ ಕೈಯಲ್ಲಿ ತಟ್ಟೆಯಷ್ಟು ಅಗಲದ ಯಂತ್ರವೊಂದಿತ್ತು. “ಒಳ್ಳೇ ಟೈಮಿಗೆ ಮುರೀತು! ನಮ್ಮ ಹೊಸ ಸರಬರಾಜು ಜಾಲ ಇವತ್ತಿಂದಲೇ ಶುರು. ಗಣಿ, ಕಾರ್ಖಾನೆ, ಅಂಗಡಿ, ಲಾರಿ, ಸುತ್ತಮುತ್ತಲಿನ ಕಸುಬಿನವರು ಎಲ್ಲ ಇದರೊಳಗಿದಾರೆ. ಬರೆಯೋದಿಲ್ಲ, ಬಟನ್ ಒತ್ತೋದಿಲ್ಲ. ಬಾಯಲ್ಲಿ ಹೇಳಿದ್ರೆ ಸಾಕು, ಯಾರ ಹತ್ರ ಏನಿದೆ ಅಂತ ಇದೇ ಹುಡುಕಿ ಕಳಿಸುತ್ತೆ. ಎಲ್ಲಿ, ನಿಮ್ಮ ಹೆಸರು ಹೇಳಿ.”

ಸ್ಟೋರಪ್ಪ ಊದಿದ ಬಾಯಲ್ಲೇ ಹೇಳಿದ. “ನಿಮ್ಮ ಧ್ವನಿಯನ್ನು ನೋಂದಾಯಿಸಲಾಗಿದೆ. ಇನ್ನು ಮುಂದೆ ನಿಮ್ಮ ಮಾತನ್ನು ಮಾತ್ರ ಸ್ವೀಕರಿಸಲಾಗುವುದು” ಎಂದು ಯಂತ್ರದೊಳಗಿನ ಹೆಣ್ಣುದನಿ ಪುಸ್ತಕ ಓದಿದ ಹಾಗೆ ನುಡಿಯಿತು. ಗಣಿಯವರು ಅವಳಿಗೆ ನಿಂತಲ್ಲೇ ಜಾಲಕ್ಕ ಎಂದು ಹೆಸರಿಟ್ಟರು. ಊರಿಗೆಲ್ಲ ಅಡ್ಡಹೆಸರಿಡುವುದರಲ್ಲಿ ಅವರ ಕೈ ಯಾವಾಗಲೂ ಮುಂದು.

ಸ್ಟೋರಪ್ಪ ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು, ನಾಲಿಗೆ ಆ ಹಲ್ಲಿಗೆ ತಾಗದಂತೆ ಹುಷಾರಾಗಿ ಹೇಳಿದ. “ಹುಲ್… ಹುಲ್ಲು ಬೇಕು. ಅರ್ಜೆಂಟು.”

“ಅರ್ಥವಾಯಿತು. ಹೊರಟಿದೆ,” ಎಂದಳು ಜಾಲಕ್ಕ.

“ನೋಡಿದ್ರಾ ಸ್ಪೀಡು!” ಎಂದು ಹೊಸತನದ ಸಾಹೇಬರು ಎದೆಯುಬ್ಬಿಸಿದರು.

ಸ್ಪೀಡೇನೋ ನಿಜವೇ. ಕಾಫಿ ಕುಡಿದು ಲೋಟ ಕೆಳಗಿಡುವುದರೊಳಗೆ ಗೇಟಿನಲ್ಲಿ ಲಾರಿ ಹಾರನ್ ಹೊಡೆಯಿತು. ಎಲ್ಲರೂ ಓಡಿದರು. ಲಾರಿಯ ತುಂಬ, ಹಗ್ಗ ಬಿಗಿದು, ಎತ್ತರಕ್ಕೆ ಹೇರಿಕೊಂಡು ಒಣಹುಲ್ಲು ಬಂದಿತ್ತು.

“ಇದೇನಯ್ಯಾ ಇದು? ದೊಡ್ಡಮ್ಮನಿಗೆ ಮೇವು ಹಾಕ್ಬೇಕಾ?” ಎಂದು ಮ್ಯಾನೇಜರು ತಲೆ ಚಚ್ಚಿಕೊಂಡರು.

ಸ್ಟೋರಪ್ಪನಿಗೆ ಅಳು ಬಂತು. “ನಾನು ಹೇಳಿದ್ದು ಹುಲ್ಲು ಅಲ್ಲ ಸಾರ್, ಹುಲ್ಲು!”

“ಎರಡೂ ಒಂದೇ ಥರ ಕೇಳ್ತಿದೆಯಲ್ಲೋ!”

ಅಷ್ಟರಲ್ಲಿ ಸಲಹೆ ಕೊಡುವವರ ದಂಡು ನೆರೆಯಿತು. ಬಂಡೆ ಸಿಡಿಸುವ ಮೇಸ್ತ್ರಿ ಸ್ಟೋರಪ್ಪನ ಗಲ್ಲ ಹಿಡಿದು ಬಾಯೊಳಗೆ ಇಣುಕಿದ. ಬಂಡೆ ನೋಡಿ ನೋಡಿ ಅವನಿಗೆ ಎಲ್ಲವೂ ಬಂಡೆಯೇ. “ಬುಡದಲ್ಲಿ ಸಣ್ಣ ತೂತು ಕೊರೆದು ಒಂದೇ ಒಂದು ಚಿಟಿಕೆ ಮದ್ದು ಇಟ್ರೆ ಪಕ್ಕದ ಹಲ್ಲಿಗೆ ಗೊತ್ತೂ ಆಗಲ್ಲ, ಹಂಗೆ ಹಾರಿಸ್ತೀನಿ” ಎಂದ.

“ಥೂ, ಬಿಡೋ ಅವನನ್ನ!” ಎಂದು ಕ್ಯಾಂಟೀನಿನ ಅಕ್ಕ ಅವನನ್ನು ದೂಡಿ, ಸ್ಟೋರಪ್ಪನ ಬಾಯಿಗೆ ಒಂದು ಹಿಡಿ ಲವಂಗ ತುರುಕಿದಳು. “ಕಚ್ಕೊಂಡಿರು ಅಣ್ಣ. ಉಗೀಬೇಡ.”

ಮೊದಲೇ ಊದಿದ ಬಾಯಿ, ಮೇಲೆ ಲವಂಗ. “ಮಾತಾಡ್ರೀ, ಮಾತಾಡ್ರೀ” ಎಂದು ಹೊಸತನದ ಸಾಹೇಬರು ಯಂತ್ರವನ್ನು ಮುಖಕ್ಕೆ ಹಿಡಿದರು. ಸ್ಟೋರಪ್ಪ ಜೀವ ಒಗ್ಗೂಡಿಸಿಕೊಂಡು, ಗಂಟಲಿನ ಆಳದಿಂದ ಒಂದು ಶಬ್ದ ಹೊರಡಿಸಿದ.

“ಖ… ಕಲ್ಲು!”

“ಅರ್ಥವಾಯಿತು. ಹೊರಟಿದೆ,” ಎಂದಳು ಜಾಲಕ್ಕ. ಅವಳಿಗೆ ಅರ್ಥವಾಗದ್ದು ಯಾವುದೂ ಇರಲಿಲ್ಲ.

ಈ ಸಲ ಬಂದದ್ದು ಕಲ್ಲು. ಹೇರು ಗಟ್ಟಿಯಾಗಿತ್ತು, ಕಲ್ಲೂ ಒಳ್ಳೆಯ ಜಾತಿಯದು. ಮೂರು ದಿಕ್ಕಿಗೂ ಬೆಟ್ಟದಷ್ಟು ಕಲ್ಲೇ ಇರುವ ಗಣಿಗೆ ಹೊರಗಿನಿಂದ ಕಲ್ಲು ತರಿಸಿದ ಮೊದಲ ಮನುಷ್ಯನೆಂಬ ಕೀರ್ತಿ ಸ್ಟೋರಪ್ಪನಿಗೆ ಸಂದಿತು. ಲಾರಿಯವನು ಸುತ್ತಲೂ ನೋಡಿ, ಟೋಪಿ ತೆಗೆದು, “ಎಲ್ಲಿ ಸುರೀಲಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದ. ಮ್ಯಾನೇಜರು ಬೆರಳು ತೋರಿಸಿದ್ದು ಹೊಸತನದ ಸಾಹೇಬರ ಕಡೆಗೆ.

ಬಿಸಿಲು ನೆತ್ತಿಗೆ ಏರುತ್ತಿತ್ತು. ಸ್ಟೋರಪ್ಪನ ಜೇಬಿನಲ್ಲಿ ಫೋನು ಒಂದೇ ಸಮನೆ ಅಲುಗಾಡುತ್ತಿತ್ತು. ಅದು ಹೆಂಡತಿಯದೆಂದು ನೋಡದೆಯೂ ಗೊತ್ತಿತ್ತು. ಹಲ್ಲು ಈಗ ಕಿವಿಗೂ ಕಣ್ಣಿಗೂ ಸುದ್ದಿ ಮುಟ್ಟಿಸಿ ಅವನ್ನೂ ತನ್ನ ಪಕ್ಷಕ್ಕೆ ಎಳೆದುಕೊಂಡಿತ್ತು. ಒಂದು ತಿಂಗಳು ಹೀಗೇ ಇರಬೇಕಾದರೆ ತಾನು ಇರುವುದಿಲ್ಲ ಎನಿಸಿ ಅವನಿಗೆ ನಿಜವಾಗಿಯೂ ದಿಗಿಲಾಯಿತು.

ದಿಗಿಲು ಮನುಷ್ಯನಿಗೆ ಉಪಾಯ ಕಲಿಸುತ್ತದೆ. ಅವನು ಲವಂಗವನ್ನೆಲ್ಲ ಉಗಿದ. ಎರಡು ಬೆರಳು ಹಾಕಿ ಊದಿದ ಕೆನ್ನೆಯನ್ನು ಪರದೆ ಸರಿಸಿದಂತೆ ಪಕ್ಕಕ್ಕೆ ಎಳೆದು ಹಿಡಿದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಬಿಡಲಿಲ್ಲ.

“ಹಲ್ಲು!” ಎಂದ. ಸ್ಪಷ್ಟವಾಗಿ, ಸ್ವಚ್ಛವಾಗಿ, ಶಾಲೆಯ ಮೇಷ್ಟರು ಕೇಳಿದ್ದರೆ ಬೆನ್ನು ತಟ್ಟುವ ಹಾಗೆ. “ಹಲ್ಲು! ಉಕ್ಕಿನ ಹಲ್ಲು! ಒಂದೊಂದೂ ದಿಂಬಿನಷ್ಟಿರ್ಬೇಕು!”

“ಹಲ್ಲು. ಉಕ್ಕಿನದು. ದೊಡ್ಡ ಗಾತ್ರ. ಕಾರ್ಖಾನೆಯಲ್ಲಿ ಲಭ್ಯವಿದೆ,” ಎಂದಳು ಜಾಲಕ್ಕ. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. “ಹಲ್ಲು ಯಾರಿಗೆ?”

“ದೊಡ್ಡಮ್ಮನಿಗೆ.”

“ಹಲ್ಲು ಕೂರಿಸುವವರೂ ಬೇಕೇ?”

ಸ್ಟೋರಪ್ಪ ಮ್ಯಾನೇಜರ ಮುಖ ನೋಡಿದ. “ಬೇಕು ಅನ್ನು, ಬೇಕು ಅನ್ನು!” ಎಂದು ಅವರು ಕುಣಿದರು. “ನಮ್ಮ ಫಿಟ್ಟರ್ ರಜಾ ಹಾಕಿ ಹೋಗಿದಾನೆ. ಬಂದು ಕೂರಿಸಿಕೊಟ್ರೆ ಇನ್ನೂ ಒಳ್ಳೇದು.”

“ಬೇಕು. ದೊಡ್ಡಮ್ಮ ಕದಲೋ ಸ್ಥಿತಿಯಲ್ಲಿಲ್ಲ. ಅವರೇ ಬರ್ಬೇಕು. ಈಗಿಂದೀಗ್ಲೇ.”

“ಅರ್ಥವಾಯಿತು. ಸಮೀಪದ ನುರಿತ ಹಲ್ಲು ಕೂರಿಸುವವರು ಉಪಕರಣಗಳೊಂದಿಗೆ ಹೊರಟಿದ್ದಾರೆ. ಹಲ್ಲುಗಳು ಕಾರ್ಖಾನೆಯಿಂದ ನೇರವಾಗಿ ಅವರ ವಿಳಾಸಕ್ಕೆ ತಲುಪುತ್ತವೆ.”

ಹೊಸತನದ ಸಾಹೇಬರು ಕಲ್ಲಿನ ರಾಶಿಯ ಮೇಲೇ ಹತ್ತಿ ನಿಂತು ಕೈ ಮೇಲೆತ್ತಿದರು. “ಇದಕ್ಕೇ ನೋಡಿ ಜಾಲ ಅನ್ನೋದು! ಸಾಮಾನೂ ಬಂತು, ಸಾಮಾನು ಕೂರಿಸೋರೂ ಬಂದ್ರು!” ಮ್ಯಾನೇಜರ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ರಕ್ತ ಆಡಿತು. ಅವರು ಸ್ಟೋರಪ್ಪನ ಬೆನ್ನು ತಟ್ಟಿದರು. ತಟ್ಟಿದ್ದು ಬೆನ್ನಿಗಾದರೂ ನೋವಾದದ್ದು ಹಲ್ಲಿಗೆ. “ಹೋಗಿ ಬಾಪ್ಪಾ. ನಿಂದೂ ಕೀಳಿಸ್ಕೊಂಡು ಬಾ.”

ಸ್ಟೋರಪ್ಪ ಓಡಿದ. ಹಿಂದಿನ ದಿನವೇ ತುಂಬಿ ಪೇಟೆಯ ಮೇಲೆ ಹೊರಟಿದ್ದ ಅದಿರಿನ ಲಾರಿಯೊಂದರಲ್ಲಿ ಚಾಲಕನ ಪಕ್ಕ ಹತ್ತಿ ಕೂತ. ಲಾರಿ ಅದಿರು ತೂಗುವ ಕಟ್ಟೆಯ ಸಾಲಿನಲ್ಲಿ ಬಹಳ ಹೊತ್ತು ನಿಂತಿತು, ಆಮೇಲೆ ಕಾಡುದಾರಿಯ ಅಡ್ಡರಸ್ತೆ ಹಿಡಿಯಿತು. ಪ್ರತಿ ಗುಂಡಿಯೂ ನೇರವಾಗಿ ಅವನ ದವಡೆಗೇ ಬಂದು ಇಳಿಯುತ್ತಿತ್ತು. ಆದರೂ ಅವನ ಮನಸ್ಸು ಹಗುರವಾಗಿತ್ತು. ಇನ್ನು ಸ್ವಲ್ಪ ಹೊತ್ತು. ಒಂದು ಸೂಜಿ, ಒಂದು ಇಕ್ಕಳ, ಒಂದು ಎಳೆತ. ರಾತ್ರಿ ನಿದ್ದೆ.

ಡಾಕ್ಟರ ಷಾಪಿನ ಬೀದಿಗೆ ಅವನು ಏದುಸಿರು ಬಿಡುತ್ತ ತಲುಪಿದಾಗ ಬಿಸಿಲು ಇಳಿದಿತ್ತು. ಷಾಪಿನ ಸಹಾಯಕಿ ಬಾಗಿಲೆಳೆದು ಬೀಗ ಹಾಕುತ್ತಿದ್ದಳು.

“ಅಮ್ಮಾ, ಡಾಕ್ಟ್ರು?”

“ಇಲ್ವಲ್ಲ, ಅವರು ಆಗ್ಲೇ ಹೋದ್ರು. ಅರ್ಜೆಂಟು ಕೇಸು. ಗಣಿಯಲ್ಲಿ ಯಾರೋ ದೊಡ್ಡಮ್ಮ ಅಂತೆ ಪಾಪ, ಬಾಯಲ್ಲಿ ಒಂದು ಹಲ್ಲೂ ಉಳಿದಿಲ್ವಂತೆ. ಕದಲೋ ಸ್ಥಿತಿಯಲ್ಲೂ ಇಲ್ವಂತೆ. ಡಾಕ್ಟ್ರಿಗೆ ವಯಸ್ಸಾದೋರು ಅಂದ್ರೆ ಕರುಳು ಚುರ್ ಅನ್ನುತ್ತೆ. ಊಟಾನೂ ಬಿಟ್ಟು ಪೆಟ್ಟಿಗೆ ಎತ್ಕೊಂಡು ಓಡಿದ್ರು.”

ಸ್ಟೋರಪ್ಪ ನಿಧಾನವಾಗಿ ತಲೆಯೆತ್ತಿದ. ಬಾಗಿಲ ಮೇಲಿನ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತು: ‘ಇಲ್ಲಿ ಹಲ್ಲು ಕೀಳಲಾಗುವುದು. ಹಲ್ಲು ಕೂರಿಸಲಾಗುವುದು.’

ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಜೇಬಿನಲ್ಲಿ ಫೋನು ಅಲುಗಾಡಿತು. ಈ ಸಲ ಮ್ಯಾನೇಜರು.

“ಏನಯ್ಯಾ ಯಾರನ್ನ ಕಳಿಸಿದೀಯ? ಪಾಪ, ಮುದುಕರು ದೊಡ್ಡಮ್ಮನ ಬಾಯಿ ನೋಡಿ ಬೆವೆತುಹೋದ್ರು! ಆದ್ರೂ ಬಂದವರನ್ನ ಬರಿಗೈಯಲ್ಲಿ ಹೇಗೆ ಕಳಿಸೋದು? ನಾನು ಒಂದು ಕೀಳಿಸ್ಕೊಂಡೆ. ಮೇಸ್ತ್ರಿಗೆ ಒಂದು, ಕ್ಯಾಂಟೀನ್ ಅಕ್ಕನಿಗೆ ಒಂದು. ಹೊಸತನದ ಸಾಹೇಬರಿಗಂತೂ ಬಲವಂತವಾಗಿ ಎರಡು ಕೀಳಿಸ್ದೆ. ಏನು ಕೈಗುಣ ಕಣಯ್ಯಾ ಅವರದ್ದು, ಗೊತ್ತೇ ಆಗ್ಲಿಲ್ಲ!”

“ಸಾರ್, ಅವರನ್ನ ಅಲ್ಲೇ ಹಿಡ್ಕೊಳ್ಳಿ! ನಾನು ಬರ್ತಿದೀನಿ!”

“ಎಲ್ಲಿ ಹಿಡ್ಕೊಳ್ಳಲಿ? ನಮ್ಮ ಜೀಪಲ್ಲೇ ಸ್ಟೇಷನ್ನಿಗೆ ಬಿಟ್ಟು ಬಂದ್ವಿ. ಈಗ ರೈಲು ಹತ್ತಿರ್ತಾರೆ. ಅದು ಬಿಡು, ದೊಡ್ಡಮ್ಮ ಇನ್ನೂ ಬೊಚ್ಚುಬಾಯಿ ಬಿಟ್ಕೊಂಡು ನಿಂತಿದಾಳೆ. ಅವಳ ಹಲ್ಲೆಲ್ಲಯ್ಯಾ?”

ಸ್ಟೋರಪ್ಪನಿಗೆ ಉತ್ತರ ಹುಡುಕುವ ಕಷ್ಟವಾಗಲಿಲ್ಲ. ಬೀದಿಯ ತಿರುವಿನಲ್ಲಿ ಭಾರಿ ಲಾರಿಯೊಂದು ಅಂಗಡಿಗಳ ಚಪ್ಪರ ಸವರುತ್ತ ಬಂದು ಷಾಪಿನೆದುರೇ ನಿಂತಿತು. ಚಾಲಕ ಬೋರ್ಡನ್ನು ಅಕ್ಷರ ಅಕ್ಷರವಾಗಿ ಓದಿ, “ಹಾಂ, ಹಲ್ಲು ಕೂರಿಸೋರು, ಇದೇ ಜಾಗ” ಎಂದು ಹಿಂದಿನ ಬಾಗಿಲು ಬಿಚ್ಚಿದ. ಇಬ್ಬರು ಆಳುಗಳು ಉಸಿರು ಕಟ್ಟಿ ದಿಂಬಿನಷ್ಟು ದಪ್ಪದ, ಮಿರಿಮಿರಿ ಮಿಂಚುವ ಉಕ್ಕಿನ ಹಲ್ಲೊಂದನ್ನು ಹೊತ್ತು ತಂದು ಸ್ಟೋರಪ್ಪನ ಕಾಲ ಬುಡದಲ್ಲಿ ಧಡ್ ಎಂದು ಇಳಿಸಿದರು. ಅದರ ಹಿಂದೆ ಇನ್ನೊಂದು, ಮತ್ತೊಂದು.

ಸಹಾಯಕಿ ಬೀಗದ ಕೈ ಹಿಡಿದು ನಿಂತಲ್ಲೇ ನಿಂತಳು. ಆ ಹಲ್ಲುಗಳನ್ನು ನೋಡಿದಳು. ಸ್ಟೋರಪ್ಪನ ಊದಿದ ಕೆನ್ನೆಯನ್ನು ನೋಡಿದಳು. ಮತ್ತೆ ಹಲ್ಲುಗಳನ್ನು ನೋಡಿದಳು. ಅವಳ ಕಣ್ಣು ಕರುಣೆಯಿಂದ ತುಂಬಿಬಂತು.

“ಅಯ್ಯೋ ದೇವರೇ, ಇವೆಲ್ಲ ನಿಮಗೇನಾ ಅಣ್ಣ?”