ಹೋರಿ ಒಪ್ಪಿದ ಬೀಟು

ನಮ್ಮ ಸೋದರಮಾವ ಹಾಡು ಕಟ್ಟಿ ಮುಗಿಸಿದ ಮೇಲೆ ಹೋರಿಯ ಒಪ್ಪಿಗೆ ಪಡೆಯುತ್ತಾರೆ. ಮನುಷ್ಯರ ಅಭಿಪ್ರಾಯ ಯಾರಿಗೆ ಬೇಕು!

ಹಿರೇಕೆರೂರಿನಲ್ಲಿ ಅವರ ಡಿಜೆ ಅಂಗಡಿ. ದೀಪಾವಳಿ ಮುಗಿದರೆ ನಮ್ಮ ಕಡೆ ಹೋರಿ ಬೆದರಿಸುವ ಸ್ಪರ್ಧೆ: ಕೊಬ್ಬರಿ ಹಾರ ಹೊತ್ತ ಹೋರಿ ಯಾರ ಕೈಗೂ ಸಿಗದೆ ಜನರ ನಡುವೆ ಓಡಬೇಕು. ಪ್ರತಿ ಹೋರಿಗೂ ಅದರದೇ ಹೆಸರಿನ ಡಿಜೆ ಹಾಡು! ನಾನು ಚಿಕ್ಕವಳಿದ್ದಾಗ ಹಲಗೆ ಎಂಬ ಚರ್ಮವಾದ್ಯದ ಬಡಿತವೊಂದೇ ಇತ್ತು. ಅದನ್ನು ತೆಗೆಸಿ ಕೀಬೋರ್ಡು ತಂದವರು ಮಾವನೇ. ಆಮೇಲೆ ಕಂಪ್ಯೂಟರು, ಆಮೇಲೆ ಎದೆ ನಡುಗಿಸುವ ಬೇಸು. (ಇದೇ ಕ್ರಮವೇ? ನನ್ನ ಡೈರಿಯಲ್ಲಿ ಬೇಸು ಮೊದಲು ಬಂದಿದೆ. ಡೈರಿಯನ್ನು ನಂಬಲೋ, ತಲೆಯನ್ನೋ?) ವರ್ಷ ವರ್ಷ ವೇಗ ಏರಿತು. ಕೊನೆಗೆ ತಿಳವಳ್ಳಿಯ ತರುಣರು ತಂದ ಹಾಡಿನ ವೇಗಕ್ಕೆ ಮಾವನ ಹಾಡು ಹಳತಾಯಿತು.

"ಈ ಸಲ ಒಂದ್ ಹೋರಿನೂ ನನ್ನ ಹಾಡಿಗೆ ಓಡ್ಲಿಲ್ಲಂದ್ರ ಮಿಕ್ಸರ್ ಮಾರಿ ಎಮ್ಮಿ ಕಟ್ತೇನಿ," ಎಂದರು ಮಾವ.

"ಎಮ್ಮಿಗೂ ಹಾಡು ಹಚ್ಚೀರಿ ಮತ್ತ! ಹಾಲು ಬತ್ತೀತು," ಎಂದರು ಅತ್ತೆ.

ಮಾವ ಹಟ ಹಿಡಿದರು. ಡಿಜೆ ಹಾಡಿನೊಳಗೆ ಹಲಗೆ ಸೇರಿಸುತ್ತೇನೆಂದು ಒಂದನ್ನು ತಂದು ತಾವೇ ಬಡಿದು ರೆಕಾರ್ಡ್ ಮಾಡಿದರು. ಒದ್ದೆ ಗೋಣಿಚೀಲ ಬಡಿದಂಥ ಸದ್ದು! ಎಂಟು ದಿನ ಕಂಪ್ಯೂಟರಿನಲ್ಲಿ ತಿದ್ದಿದರೂ ಗೋಣಿಚೀಲ ಗೋಣಿಚೀಲವೇ. ಸೋತು ಅಬಲೂರಿನ ಫಕ್ಕೀರಪ್ಪನವರ ಮನೆಗೆ ಹೋದರು. ಕೀಬೋರ್ಡು ಬಂದ ಮೇಲೆ ಕರೆಯುವವರಿಲ್ಲದೆ ಮನೆಯಲ್ಲೇ ಉಳಿದ ಹಲಗೆಯ ಹಿರಿಯರು ಅವರು.

"ಹಲಗಿ ಕಾಸೀರೇನ್ರಿ ಗೌಡ್ರ?"

"ಕಾಸೂದ್ಯಾಕ ಕಾಕಾ? ಕಂಪ್ಯೂಟರ್ ಐತಲ್ಲ!"

"ಕಂಪ್ಯೂಟರಿಗೆ ಥಂಡಿ ಆಗಾಂಗಿಲ್ರಿ. ಚರ್ಮಕ್ಕ ಆಕ್ಕೈತಿ."

ಹುಲ್ಲಿಗೆ ಬೆಂಕಿ ಹಚ್ಚಿ, ಹಲಗೆ ಕಾಸಿ, ಒಂದೇ ಏಟು ಕೊಟ್ಟರು ನೋಡಿ, ಗೂಡಿನ ಕೋಳಿಗಳೆಲ್ಲ ಅಂಗಳಕ್ಕೆ ಬಂದವು! ಅದನ್ನೇ ರೆಕಾರ್ಡ್ ಮಾಡಿ ಹಾಡಿನ ನಡುವೆ ಕೂರಿಸಿ ಮಾವ ಪಕ್ಕದ ಮನೆಯ ಹೋರಿಗೆ ಕೇಳಿಸಿದರು. ಅದು ಗೂಟ ಕಿತ್ತುಕೊಂಡು ಓಡಿತು. "ಪಾಸಾತು!" ಎಂದರು ಮಾವ.

ಆದರೆ ಸ್ಪರ್ಧೆಯ ದಿನ ಆ ಹೋರಿಯ ಯಜಮಾನ ತಿಳವಳ್ಳಿಯ ಹಾಡನ್ನೇ ಹಾಕಿಸಿದ. ಹೋರಿ ನಿಂತಲ್ಲೇ ನಿಂತು ಮೆಲುಕು ಹಾಕಿತು. ಜನ ಕೇಕೆ ಹಾಕಿದರು.

"ನಿಮ್ದ ಹಚ್ರಿ ಮಾರಾಯರ!" ಎಂದು ಯಜಮಾನ ಕೂಗಿದ.

ಹಲಗೆ ಮೊಳಗಿತು. ಹೋರಿ ಹಾರಿತು! ಒಂದು ತುಂಡು ಕೊಬ್ಬರಿಯೂ ಯಾರಿಗೂ ದಕ್ಕಲಿಲ್ಲ. ತಿಳವಳ್ಳಿಯ ತರುಣರೇ ಮಾವನನ್ನು ಹೆಗಲಿಗೇರಿಸಿದರು.

"ಇಳಸ್ರಿ," ಎಂದರು ಮಾವ. ಇಳಿದವರೇ ಬೇಲಿಯ ಬಳಿ ನಿಂತಿದ್ದ ಫಕ್ಕೀರಪ್ಪನವರ ಕೈ ಹಿಡಿದರು.

"ಕಾಕಾ, ಈ ಕೈಗೆ ಕೆಲಸ ಇಲ್ದಂಗ ಮಾಡಿದಾಂವ ನಾನು."

"ಇರ್ಲಿ ಬಿಡ್ರಿ, ಹಾಡಿನ್ಯಾಗ ನಾನೂ ಅದೀನಲ್ಲ."

"ಹಾಡಿನ್ಯಾಗಿದ್ರ ಸಾಲಂಗಿಲ್ಲ. ನಾಳೆ ಹಾನಗಲ್ಲಿನ್ಯಾಗ ನೀವ ಬಾರಸ್ಬೇಕು. ಹತ್ರಿ ಗಾಡಿ."

ಅತ್ತೆಗೂ ಬಿಟ್ಟುಕೊಡದ ಮುಂದಿನ ಸೀಟಿನಲ್ಲಿ ಅವರನ್ನು ಕೂರಿಸಿ, ಮಾವ ಹಿಂದೆ ಸ್ಪೀಕರುಗಳ ನಡುವೆ ತೂರಿಕೊಂಡರು.  ಗಾಡಿ ಹೊರಡುವ ಮೊದಲೇ ಫಕ್ಕೀರಪ್ಪನವರ ಬೆರಳುಗಳು ತೊಡೆಯ ಮೇಲೆ ಹಲಗೆ ಬಾರಿಸತೊಡಗಿದ್ದವು.